ಅರ್ಧ ಸ್ಯಾಂಪಲ್ ತಪ್ಪಿದ ತಂಬೂರಿ

ನನ್ನ ಹೆಂಡತಿ ಸಂಗೀತ ಪಾಠಕ್ಕೆ ಹೋಗುವ ಟೀಚರ್ ಮನೆಯಲ್ಲಿ, ನಾನೇ ಮಾಡಿದ ತಂಬೂರಿ ಆ್ಯಪನ್ನು ಮೊದಲ ಸಲ ಸ್ಪೀಕರಿಗೆ ಹಾಕಿ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಎರಡು ನಿಮಿಷ ಕೇಳಿದರು. “ಮಂದ್ರ ಮೀಟಿದ ಮೇಲೆ ಸಾರಣೆ ನಿಲ್ತಾ ಇಲ್ಲಪ್ಪ. ಒಳಗೆಲ್ಲೋ ನಿಧಾನಕ್ಕೆ ಅಲೆ ಹೊಡೀತಿದೆ” ಅಂದರು. ಮಂದ್ರ ಅಂದರೆ ತಂಬೂರಿಯ ತಗ್ಗಿನ ಷಡ್ಜದ ತಂತಿ, ಸಾರಣೆ ಅದಕ್ಕಿಂತ ಒಂದು ಸ್ಥಾಯಿ ಮೇಲಿನ ಷಡ್ಜದ್ದು. ನನ್ನ ಕಿವಿಗೆ ಆ ಅಲೆ ಬಿದ್ದೇ ಇರಲಿಲ್ಲ.

ತಂಬೂರಿಯನ್ನು ಕಟ್ಟಿದ್ದು ಪ್ಯೂರ್ ಡೇಟಾದಲ್ಲಿ, ಪರದೆಯ ಮೇಲೆ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ನಾದ ಹುಟ್ಟಿಸುವ ತಂತ್ರಾಂಶ ಅದು. ತಂತಿಯ ನಾದಕ್ಕೆ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಉಪಾಯವನ್ನೇ ಹಿಡಿದೆ. ಒಂದು ಕ್ಷಣದ ಗದ್ದಲವನ್ನು ಸಣ್ಣ ಸುತ್ತಿನೊಳಗೆ ಬಿಡುವುದು, ಪ್ರತಿ ಸುತ್ತಿಗೂ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ (ನಾದವನ್ನು ಕ್ಷಣಕ್ಷಣಕ್ಕೂ ಅಳೆದ ಅಂಕಿಗಳ) ಸರಾಸರಿ ತೆಗೆಯುವುದು, ಅಷ್ಟೇ. ಗದ್ದಲ ಸವೆಯುತ್ತಾ ಹೋಗಿ ಮೀಟಿದ ತಂತಿಯಂತೆ ಕೇಳುತ್ತದೆ. ಸುತ್ತಿನ ಉದ್ದವೇ ಶ್ರುತಿ. ಸೆಕೆಂಡಿಗೆ 44,100 ಸ್ಯಾಂಪಲ್. ಟೀಚರ್ ಹಾಡುವ ಐದು ಮನೆ ಶ್ರುತಿಯ ಷಡ್ಜ 196 ಹರ್ಟ್ಸ್. ಭಾಗಿಸಿದರೆ ಸರಿಯಾಗಿ 225. ಪಂಚಮ 147 ಹರ್ಟ್ಸ್, ಅದು 300. ಮಂದ್ರ ಷಡ್ಜ 98 ಹರ್ಟ್ಸ್, ಅದು 450. ಎಲ್ಲವೂ ಪೂರ್ಣಾಂಕ! ಆ ಖುಷಿಯಲ್ಲೇ ನಾನು ಎಡವಿದೆ.

ಸರಾಸರಿ ತೆಗೆಯುವ ಕೆಲಸವೇ ಅರ್ಧ ಸ್ಯಾಂಪಲ್‌ನಷ್ಟು ಹೆಚ್ಚು ಹೊತ್ತು ತಿನ್ನುತ್ತದೆ. ಹಾಗಾಗಿ ಸಾರಣೆಯ ಸುತ್ತು 225.5, ಮಂದ್ರದ್ದು 450.5. ಒಂದು ಇನ್ನೊಂದರ ಸರಿಯಾದ ಇಮ್ಮಡಿ ಆಗಲಿಲ್ಲ. ಮಂದ್ರದ ಎರಡನೇ ಸ್ವರಾಂಶಕ್ಕೂ (ಅದರ ಮೂಲ ಕಂಪನದ ಇಮ್ಮಡಿಗೂ) ಸಾರಣೆಗೂ 0.22 ಹರ್ಟ್ಸ್ ಅಂತರ, ಅಂದರೆ ನಾಲ್ಕೂವರೆ ಸೆಕೆಂಡಿಗೊಂದು ಅಲೆ. ಟೀಚರ್ ಹೇಳಿದ್ದು ಅದನ್ನೇ. ಆ ರಾತ್ರಿ ಕಾಗದದ ಮೇಲೆ ಈ ಅಂಕಿ ಕಂಡಾಗ ನಿಜಕ್ಕೂ ಮೈ ಜುಮ್ಮೆಂದಿತು. ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನೂ ಓದಬಲ್ಲ ಡೀಲೇ ಪೆಟ್ಟಿಗೆ ಹಾಕಿ, ಪ್ರತಿ ತಂತಿಯಿಂದ ಅರ್ಧ ಸ್ಯಾಂಪಲ್ ಕಳೆದೆ. ಅಲೆ ನಿಂತಿತು.

ಹೀಗೆ ಪೆಟ್ಟಿಗೆಗೆ ಪೆಟ್ಟಿಗೆ ಜೋಡಿಸಿ ನಾದ ಹುಟ್ಟಿಸುವ ಕಲ್ಪನೆ ಹಳೆಯದು. ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ ಐಬಿಎಂ 704 ಕಂಪ್ಯೂಟರಿನಿಂದ 17 ಸೆಕೆಂಡಿನ ಸಂಗೀತ ಹೊರಡಿಸಿದರು. ಅವರಿದ್ದದ್ದು ಟೆಲಿಫೋನ್ ಕಂಪನಿಯ ಪ್ರಯೋಗಾಲಯ; ಮಾತನ್ನು ಅಂಕಿಗಳಾಗಿಸುವ ಸಂಶೋಧನೆಯ ಮಗ್ಗುಲಲ್ಲೇ ಸಂಗೀತವೂ ಹುಟ್ಟಿಕೊಂಡಿತು. ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಸಂಸ್ಥೆ ಇರ್ಕಾಮ್‌ನಲ್ಲಿ ಮಿಲ್ಲರ್ ಪಕೆಟ್ 1980ರ ದಶಕದಲ್ಲಿ ಬರೆದ ತಂತ್ರಾಂಶಕ್ಕೆ ‘ಮ್ಯಾಕ್ಸ್’ ಎಂದು ಹೆಸರಿಟ್ಟದ್ದು ಇವರ ಗೌರವಕ್ಕೇ. ಅದು 1990ರಲ್ಲಿ ಮಾರಾಟಕ್ಕೆ ಬಂತು, ಇವತ್ತಿಗೂ ಹಣ ಕೊಟ್ಟೇ ಕೊಳ್ಳಬೇಕು. ಅದೇ ಪಕೆಟ್ ಆಮೇಲೆ ಪ್ಯೂರ್ ಡೇಟಾ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟರು.

ಪುಕ್ಕಟೆ ಅಂದಮಾತ್ರಕ್ಕೆ ವ್ಯಾಪಾರಕ್ಕೆ ಬಾರದು ಅಂತಲ್ಲ. ನಾನು ಮೊದಲು ಕಲಿತದ್ದು ನಾದ ಹುಟ್ಟಿಸುವ ಇನ್ನೊಂದು ತಂತ್ರಾಂಶ, ಸೂಪರ್‌ಕೊಲೈಡರ್. ಅದೂ ಉಚಿತವೇ, ಆದರೆ ಅದರ ಜಿಪಿಎಲ್ ಲೈಸೆನ್ಸಿನ ಪ್ರಕಾರ ಅದನ್ನು ಒಳಗಿಟ್ಟುಕೊಂಡ ಆ್ಯಪ್ ಹಂಚಿದರೆ ನನ್ನ ಕೋಡನ್ನೂ ಬಿಚ್ಚಿಡಬೇಕು. ಪ್ಯೂರ್ ಡೇಟಾದ ಬಿಎಸ್‌ಡಿ ಲೈಸೆನ್ಸಿಗೆ ಆ ಷರತ್ತಿಲ್ಲ. ಮೂಲದ ಹಕ್ಕುಸ್ವಾಮ್ಯ ಸೂಚನೆ ಉಳಿಸಿಕೊಂಡರೆ ಸಾಕು. ಅದರ ಲಿಬ್‌ಪಿಡಿ ರೂಪವನ್ನು ಫೋನ್ ಆ್ಯಪಿನೊಳಗೆ ಕೂರಿಸಬಹುದು. ಮಾರುವ ಆಸೆಯಿದ್ದರೆ ಒಂದು ಸಾಲು ಬರೆಯುವ ಮೊದಲೇ ಲೈಸೆನ್ಸ್ ಓದಿ. ನಾನು ತಡವಾಗಿ ಓದಿ, ಎರಡು ತಿಂಗಳ ಕೆಲಸ ಬದಿಗಿಟ್ಟು ಹೊಸದಾಗಿ ಶುರುಮಾಡಬೇಕಾಯಿತು.

ಈ ಕ್ಷೇತ್ರದಲ್ಲಿ ದೊಡ್ಡ ದುಡ್ಡು ಆಗಿಲ್ಲವೆಂದಲ್ಲ. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ, ಒಂದು ಅಲೆಯಿಂದ ಇನ್ನೊಂದರ ಕಂಪನಸಂಖ್ಯೆಯನ್ನು ಅಲುಗಾಡಿಸಿ ನಾದ ಹುಟ್ಟಿಸುವ ಎಫ್‌ಎಂ ವಿಧಾನವನ್ನು ಅಮೆರಿಕದ ಆರ್ಗನ್ ಕಂಪನಿಗಳು ಬೇಡವೆಂದವು, ಜಪಾನಿನ ಯಮಹಾ ತೆಗೆದುಕೊಂಡಿತು. 1983ರ ಡಿಎಕ್ಸ್7 ಕೀಬೋರ್ಡ್ ಅದರ ಮೇಲೇ ನಿಂತದ್ದು. ವಿಶ್ವವಿದ್ಯಾಲಯಕ್ಕೆ ಆ ಪೇಟೆಂಟಿನಿಂದ 2 ಕೋಟಿ ಡಾಲರಿಗೂ ಮೀರಿ ಬಂತು.

ನನ್ನ ಆ್ಯಪನ್ನು 250 ರೂಪಾಯಿಗೆ ಇಟ್ಟಿದ್ದೇನೆ. ಕೊಂಡವರಲ್ಲಿ ಹೆಚ್ಚಿನವರು ಟೀಚರ್ ಹೇಳಿ ಕಳಿಸಿದವರು. ಅವರು ಹಣ ಕೊಡುತ್ತಿರುವುದು ಕೋಡಿಗಲ್ಲ, ಟೀಚರ್ ಕಿವಿಗೆ ಎಂದೇ ನಾನು ನಂಬಿರುವುದು. ಹಾಗಾಗಿ ಬಂದದ್ದರಲ್ಲಿ ಅರ್ಧ ಅವರಿಗೆ ಕೊಡುತ್ತೇನೆ. ಮೊದಲು ಬೇಡವೆಂದರು, ಆಮೇಲೆ ಮಕ್ಕಳಿಗೆ ಶ್ರುತಿಪೆಟ್ಟಿಗೆ ತೆಗೆಸಿಕೊಟ್ಟರು. ಈಗ ಅವರ ಹೊಸ ದೂರು ಮಂದ್ರದ ಜೀವಾಳದ್ದು, ಅಂದರೆ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸಿ ಝೇಂಕಾರ ಹುಟ್ಟಿಸುವ ದಾರದ್ದು: “ದಾರ ಇನ್ನೂ ಒಂಚೂರು ಸರೀಬೇಕಪ್ಪ.” ನನ್ನ ಪ್ಯಾಚಿನಲ್ಲಿ, ಅಂದರೆ ಪೆಟ್ಟಿಗೆಗಳ ಜೋಡಣೆಯಲ್ಲಿ, ದಾರವೇ ಇಲ್ಲ. ಅದನ್ನು ಯಾವ ಪೆಟ್ಟಿಗೆಯಿಂದ ತರಲಿ ಎಂದು ಈ ವಾರವಿಡೀ ಕೂತಿದ್ದೇನೆ.