ಇಸ್ಪೀಟಿನ ಎಲೆಯಲ್ಲಿ ಹೊಳೆ, ಊರು: ಮನೆಯಲ್ಲೇ ಭೂಗೋಳ

ಭೂಗೋಳ ಕಲಿಸುವ ಕಾರ್ಡ್‌ ಅಂತ ಸಿಗುವುದರಲ್ಲಿ ಬಹಳಷ್ಟು ಬರೀ ಪ್ರಶ್ನೋತ್ತರ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಇದು ಪರೀಕ್ಷೆ ಅಂತ ಮಕ್ಕಳಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕಲಿಯಬೇಕಾದ್ದು ಆಟದ ನಿಯಮದೊಳಗೇ ಇರಬೇಕು. ಅದನ್ನು ಬಿಟ್ಟು ಗೆಲ್ಲೋಕೇ ಆಗಬಾರದು. ಅಂಥ ಎರಡು ಆಟ ಇಲ್ಲಿವೆ.

ಮನೆಯಲ್ಲಿ ಇಸ್ಪೀಟಾ ಎಂದು ಅಜ್ಜಿ ಮೂಗು ಮುರಿದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿ. ಇಸ್ಪೀಟಿನಂಥದ್ದೇ ಹಳೆಯ ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದ ಅರಸರು ಅವರು.

ನದಿ ಮನೆ

ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ 20 ಎಲೆ ಮಾಡಿಕೊಳ್ಳಿ. ಹಿಂಬದಿಗೆಲ್ಲ ಒಂದೇ ಬಣ್ಣದ ಕಾಗದ ಅಂಟಿಸಿ. ಇಲ್ಲದಿದ್ದರೆ ಯಾವ ಪತ್ರಿಕೆಯ ತುಂಡು ಯಾವ ನದಿ ಎಂದು ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಕರ್ನಾಟಕದ ನಕ್ಷೆಯೊಂದು ಪಕ್ಕದಲ್ಲಿ ಹಾಸಿರಲಿ. ನದಿ, ಜಿಲ್ಲಾ ಕೇಂದ್ರ ಎರಡನ್ನೂ ತೋರಿಸುವ ನಕ್ಷೆಯಾದರೆ ಒಳ್ಳೆಯದು.

ಐದು ಮನೆ, ಮನೆಗೆ ನಾಲ್ಕು ಎಲೆ. ಕಾವೇರಿ ಮನೆಗೆ ಕಾವೇರಿ, ಹೇಮಾವತಿ, ಕಬಿನಿ, ಅರ್ಕಾವತಿ. ಕೃಷ್ಣಾ ಮನೆಗೆ ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ. ತುಂಗಭದ್ರಾ ಮನೆಗೆ ತುಂಗಾ, ಭದ್ರಾ, ವರದಾ, ವೇದಾವತಿ. ಉತ್ತರ ಕನ್ನಡದ ಮನೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಉಡುಪಿ–ಮಂಗಳೂರು ಮನೆಗೆ ಸೀತಾ, ಸ್ವರ್ಣಾ, ನೇತ್ರಾವತಿ, ಕುಮಾರಧಾರಾ. ತುಂಗಭದ್ರೆಯೂ ರಾಜ್ಯ ದಾಟಿದ ಮೇಲೆ ಕೃಷ್ಣೆಯನ್ನೇ ಸೇರುತ್ತದಲ್ಲ ಎಂದು ಮಗು ಕೇಳಿದರೆ ಖುಷಿಪಡಿ. ಬೇಕಾದರೆ ಎರಡು ಮನೆ ಒಂದು ಮಾಡಿ ಎಂಟು ಎಲೆಯ ದೊಡ್ಡ ಮನೆ ಆಡಬಹುದು.

ಎಲೆಯ ಮೇಲೆ ಜಾಸ್ತಿ ತುಂಬಬೇಡಿ. ಮಲಪ್ರಭಾ ಎಲೆಯಲ್ಲಿ ಇಷ್ಟು ಸಾಕು: ‘ಹುಟ್ಟು – ಖಾನಾಪುರ ತಾಲ್ಲೂಕಿನ ಕಣಕುಂಬಿ. ಅಣೆಕಟ್ಟು – ನವಿಲುತೀರ್ಥ. ಸೇರುವುದು – ಕೂಡಲಸಂಗಮದಲ್ಲಿ ಕೃಷ್ಣೆಯನ್ನು.’ ಕೆಳಗೆ ಸಣ್ಣದಾಗಿ ಆ ಮನೆಯ ಉಳಿದ ಮೂರು ಹೆಸರು. ಬರೆಯುವ ಕೆಲಸ ಮಕ್ಕಳಿಗೇ ಬಿಡಿ, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಮೂವರು ಆಡುವುದಾದರೆ ತಲಾ ನಾಲ್ಕು ಎಲೆ ಹಂಚಿ. ಉಳಿದದ್ದು ಕವುಚಿ ನಡುವೆ ಇರಲಿ. ಸರದಿ ಬಂದವರು ಯಾರನ್ನಾದರೂ ಹೆಸರು ಹಿಡಿದು ಕೇಳಬೇಕು.

‘ಅಪ್ಪಾ, ಕೃಷ್ಣಾ ಮನೆಯ ಮಲಪ್ರಭಾ ಇದೆಯಾ?’

‘ಇಲ್ಲ ಮರಿ, ಎಲೆ ಎತ್ತು.’

ಇದ್ದರೆ ಕೊಡಲೇಬೇಕು, ಕೇಳಿದವರಿಗೆ ಮತ್ತೊಂದು ಅವಕಾಶ. ಇಲ್ಲದಿದ್ದರೆ ನಡುವಿನಿಂದ ಒಂದು ಎತ್ತಿ ಸುಮ್ಮನಾಗಬೇಕು. ಕೈಯಲ್ಲಿ ಆ ಮನೆಯ ಒಂದು ಎಲೆಯಾದರೂ ಇದ್ದವರು ಮಾತ್ರ ಕೇಳಬಹುದು. ಯಾವ ಉಪನದಿ ಯಾರದ್ದು ಎಂದು ನೆನಪಿನಲ್ಲಿ ಕೂರುವುದು ಈ ನಿಯಮದಿಂದಲೇ, ಅದನ್ನು ಸಡಿಲ ಬಿಡಬೇಡಿ.

ನಾಲ್ಕೂ ಸೇರಿದರೆ ಎಲೆ ಕೆಳಗಿಟ್ಟು, ನಾಲ್ಕೂ ನದಿಯನ್ನು ನಕ್ಷೆಯ ಮೇಲೆ ಬೆರಳಿನಿಂದ ಹರಿಸಬೇಕು. ಆಮೇಲೆಯೇ ಅಂಕ. ತಪ್ಪಿದರೆ ಬೈಯಬೇಡಿ, ಅಂಕ ಕಸಿಯಬೇಡಿ, ಇನ್ನೊಮ್ಮೆ ಹರಿಸಲಿ. ಉತ್ತರ ಕನ್ನಡದ ಮನೆ ಇಲ್ಲಿ ಬಲು ಸೊಗಸು. ಕಾಳಿ ಕಾರವಾರದಲ್ಲಿ, ಗಂಗಾವಳಿ ಅಂಕೋಲಾದಲ್ಲಿ, ಅಘನಾಶಿನಿ ಕುಮಟಾದಲ್ಲಿ, ಶರಾವತಿ ಹೊನ್ನಾವರದಲ್ಲಿ ಕಡಲಿಗೆ ಬೀಳುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಅದೇ ಸಾಲು. ಗಂಗಾವಳಿಗೆ ಮೇಲ್ಭಾಗದಲ್ಲಿ ಬೇಡ್ತಿ ಎಂಬ ಹೆಸರೂ ಇದೆ, ಎಲೆಯಲ್ಲಿ ಎರಡನ್ನೂ ಬರೆಯಿರಿ.

ಐದಾರು ವರ್ಷದವರಿಗೆ ಇಷ್ಟೆಲ್ಲ ಬೇಡ. ಒಂದೊಂದು ನದಿಗೆ ಎರಡೆರಡು ಎಲೆ ಮಾಡಿ ಕವುಚಿಟ್ಟು, ಜೋಡಿ ಹುಡುಕಲು ಹೇಳಿ.

ಮೇಲೆಯೋ ಕೆಳಗೆಯೋ?

ಇದಕ್ಕೆ 31 ಜಿಲ್ಲೆಗಳ ಎಲೆ ಬೇಕು. ಹೆಸರು ಜಿಲ್ಲೆಯದ್ದಲ್ಲ, ಕೇಂದ್ರದ ಊರಿನದ್ದು. ಕೊಡಗಿಗೆ ಮಡಿಕೇರಿ, ಹೀಗೆ. ನಕ್ಷೆ 2021ಕ್ಕಿಂತ ಹಳೆಯದಾದರೆ ವಿಜಯನಗರ ಜಿಲ್ಲೆ ಅದರಲ್ಲಿ ಇರುವುದಿಲ್ಲ. ಹೊಸಪೇಟೆಯನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಿ.

ತಲಾ ಐದು ಎಲೆ. ನೆಲದ ಮೇಲೆ ಒಂದು ಊರು. ನಿಮ್ಮ ಕೈಯ ಊರು ಅದಕ್ಕಿಂತ ಉತ್ತರಕ್ಕಿದ್ದರೆ ಮೇಲೆ ಇಡಿ, ದಕ್ಷಿಣಕ್ಕಿದ್ದರೆ ಕೆಳಗೆ. ಸಾಲು ಬೆಳೆದಂತೆ ನಡುವೆ ಜಾಗ ಹುಡುಕಬೇಕಾಗುತ್ತದೆ, ಕಷ್ಟ ಶುರುವಾಗುವುದು ಅಲ್ಲಿಂದ. ತಪ್ಪಾದರೆ ಆ ಎಲೆ ಕಟ್ಟಿನ ತಳಕ್ಕೆ ಹೋಗಿ, ಮೇಲಿನ ಇನ್ನೊಂದು ಕೈಗೆ ಬರುತ್ತದೆ. ಕೈ ಮೊದಲು ಖಾಲಿಯಾದವರು ಗೆದ್ದರು.

ದೊಡ್ಡವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಬೆಳಗಾವಿ ಮೇಲೋ, ರಾಯಚೂರು ಮೇಲೋ? ಥಟ್ಟನೆ ಬೆಳಗಾವಿ ಅನ್ನುತ್ತೇವೆ, ಅಲ್ವಾ? ಮೇಲಿರುವುದು ರಾಯಚೂರು. ಕಾರವಾರಕ್ಕಿಂತ ಬಳ್ಳಾರಿ ಉತ್ತರಕ್ಕಿದೆ. ಹಾಸನಕ್ಕಿಂತ ಕೋಲಾರ ತುಸು ಮೇಲೆ. ಬೆಂಗಳೂರು, ಮಂಗಳೂರು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ, ಬೆಂಗಳೂರು ಕೂದಲೆಳೆಯಷ್ಟು ಮೇಲೆ. ಅವೆರಡಕ್ಕೆ ಜಗಳ ಆಗುವುದು ಗ್ಯಾರಂಟಿ. ನಕ್ಷೆಯ ಮೇಲೆ ಸ್ಕೇಲನ್ನು ಅಡ್ಡಕ್ಕೆ, ಅಕ್ಷಾಂಶದ ಗೆರೆಗೆ ಸಮನಾಗಿ ಇಟ್ಟು ನೋಡಿ. ಸ್ಕೇಲ್ ಹೇಳಿದ್ದೇ ತೀರ್ಪು, ಅಪ್ಪ ಹೇಳಿದ್ದಲ್ಲ.