ಚಳಿಗಾಲದ ರಜೆಗೆ ಊರು ಹುಡುಕುವಾಗ ನಾನು ಮೊದಲು ನೋಡುವುದು ಅಲ್ಲಿ ಎಷ್ಟೊತ್ತಿಗೆ ಕತ್ತಲಾಗುತ್ತೆ ಅಂತ

ನಾವಿರುವುದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ಡಿಸೆಂಬರ್ ಕೊನೆಗೆ ಮಗಳ ಶಾಲೆಗೆ ಎರಡು ವಾರ ರಜೆ ಸಿಗುತ್ತೆ. ಆದರೆ ನನಗೂ ನನ್ನ ಗಂಡನಿಗೂ ಒಟ್ಟಿಗೆ ಸಿಗುವುದು ನಾಲ್ಕೈದು ದಿನ ಅಷ್ಟೇ. ಹೋದ ಸಲ ಹಾಸನದಿಂದ ಅಪ್ಪ ಅಮ್ಮನೂ ಬಂದಿದ್ದರು. ಐದು ಜನ, ಐದು ದಿನ, ಅದರಲ್ಲಿ ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ ಜೊತೆಗೆ ಬಿ.ಪಿ., ಮಗಳಿಗೆ ಐದು ವರ್ಷ. ಎಲ್ಲಿಗೆ ಹೋಗೋದು ಅಂತ ಸುಮಾರು ಮೂರು ವಾರ ಯೋಚಿಸಿದೆ. ಹೇಗೆ ಆರಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪರಿಸ್ಥಿತಿಯಲ್ಲಿ ಇರುವ ನಮ್ಮವರು ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ.

ಮೊದಲು ಎರಡು ವರ್ಷದ ಹಿಂದಿನ ಮಾತು ಹೇಳಬೇಕು. ಆಗ ನಾವು ಮೂವರೇ ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿದ್ದೆವು. ಫೋಟೋ ನೋಡಿ ಮನಸೋತಿದ್ದೆ. ಮಂಜು, ದೀಪ, ಹಳೇ ಪೇಟೆಯ ಓಣಿಗಳು. ಚಳಿಗೆ ಬೇಕಾದ ಬಟ್ಟೆ ಎಲ್ಲಾ ಸರಿಯಾಗಿ ತಗೊಂಡಿದ್ದೆವು, ಚಳಿಯಿಂದ ಏನೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಬೆಳಕಿನದು. ಆ ಸಮಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲಿಗೆ, ಮೂರು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮುಳುಗಿಬಿಡುತ್ತಾನೆ. ಮಗುವನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಐದು ಪದರ ಬಟ್ಟೆ ಹಾಕಿ ಹೊರಗೆ ಬರುವಷ್ಟರಲ್ಲಿ ಹತ್ತೂವರೆ. ವಾಸಾ ಹಡಗಿನ ಮ್ಯೂಸಿಯಂಗೆ ಹೋದೆವು, 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ಹಡಗು ಅದು, ನಿಜಕ್ಕೂ ನೋಡಲೇಬೇಕಾದ್ದು. ಆದರೆ ಒಳಗಿನಿಂದ ಹೊರಗೆ ಬಂದರೆ ಕತ್ತಲು. ಮಗಳು ನನ್ನ ಕೈ ಹಿಡಿದು, "ಅಮ್ಮಾ, ಊಟ ಮಾಡಿ ಮಲಗೋದಾ?" ಅಂದಳು. ಆಗ ಮೂರೂವರೆ ಗಂಟೆ. ನಾಲ್ಕು ದಿನವೂ ಹೀಗೇ ಆಯ್ತು. ಊರು ಚೆನ್ನಾಗಿದೆ, ಜೂನ್‌ನಲ್ಲಿ ಹೋದರೆ ಇನ್ನೂ ಚೆನ್ನ. ಚಿಕ್ಕ ಮಗು ಇರುವವರಿಗೆ ಡಿಸೆಂಬರ್‌ನ ನಾಲ್ಕು ದಿನಕ್ಕೆ ಹೊಂದುವ ಊರಲ್ಲ ಅದು.

ಹಾಸನದಲ್ಲಿ ಬೆಳೆದವಳಿಗೆ ಇದು ತಲೆಗೇ ಬಂದಿರಲಿಲ್ಲ. ನಮ್ಮೂರಲ್ಲಿ ವರ್ಷದ ಅತಿ ಚಿಕ್ಕ ಹಗಲು ಅಂದರೂ ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತೆ. ಎಲ್ಲಿಗಾದರೂ ಹೋಗುವಾಗ ಅಲ್ಲಿ ಬಿಸಿಲು ಎಷ್ಟೊತ್ತು ಇರುತ್ತೆ ಅಂತ ಯಾರು ಲೆಕ್ಕ ಹಾಕ್ತಾರೆ?

ಅದಕ್ಕೇ ಹೋದ ಸಲ ಹವಾಮಾನ, ಫೋಟೋ ಎಲ್ಲಾ ಬದಿಗಿಟ್ಟು, ಒಂದು ಹಾಳೆ ತಗೊಂಡು ಡಿಸೆಂಬರ್ 28ಕ್ಕೆ ಯಾವ ಊರಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ಟಿ ಎಷ್ಟೊತ್ತಿಗೆ ಮುಳುಗುತ್ತಾನೆ ಅಂತ ಬರೆಯುತ್ತಾ ಹೋದೆ. ಫೋನಿನಲ್ಲೇ ಸಿಗುತ್ತೆ, ಕಷ್ಟ ಏನಿಲ್ಲ. ಕೋಪನ್‌ಹೇಗನ್‌ನಲ್ಲಿ ಸೂರ್ಯಾಸ್ತ ಮೂರೂ ಮುಕ್ಕಾಲಿನ ಆಸುಪಾಸು. ವಿಯೆನ್ನಾದಲ್ಲಿ ನಾಲ್ಕು ಗಂಟೆ ದಾಟಿದ ಕೂಡಲೇ. ಹೀಗೆ ಬರೆಯುತ್ತಾ ಇದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಟಲಿಯ ಪಲೆರ್ಮೊ ಮತ್ತು ಸ್ಪೇನಿನ ಸೆವಿಯಾ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಕಡೆ ಹಗಲು ಒಂಬತ್ತೂವರೆ ಗಂಟೆ, ಎರಡೂ ಕಡೆ ಗಡಿಯಾರ ಒಂದೇ. ಆದರೆ ಪಲೆರ್ಮೊದಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗಿದರೆ, ಸೆವಿಯಾದಲ್ಲಿ ಆರು ಗಂಟೆ ಮೇಲೆ ಹತ್ತು ನಿಮಿಷದವರೆಗೂ ಇರುತ್ತಾನೆ. ಸ್ಪೇನ್ ಎಷ್ಟೋ ಪಶ್ಚಿಮಕ್ಕಿದ್ದರೂ ಗಡಿಯಾರ ಮಾತ್ರ ಮಧ್ಯ ಯುರೋಪಿನದೇ ಇಟ್ಟುಕೊಂಡಿದೆ, ಅದಕ್ಕೆ ಹೀಗೆ. ಬದಲಿಗೆ ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಬೆಳಕಾಗುತ್ತೆ. ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಹಾಗೆ. ಮಗು, ವಯಸ್ಸಾದವರು ಇರುವ ಮನೆಯಲ್ಲಿ ಹತ್ತು ಗಂಟೆಗೆ ಮುಂಚೆ ಯಾರೂ ಹೊರಡಲ್ಲ, ಬೆಳಗಿನ ಬೆಳಕು ಇದ್ದರೂ ವ್ಯರ್ಥ. ನಮಗೆ ಬೇಕಾಗಿದ್ದು ಸಂಜೆಯ ಬೆಳಕು.

ಆದರೂ ಮನೆಯಲ್ಲಿ ಎಲ್ಲರ ಆಸೆಯನ್ನೂ ಒಂದೊಂದಾಗಿ ಕೂತು ನೋಡಿದೆವು, ಸುಮ್ನೆ ನಾನೊಬ್ಬಳೇ ತೀರ್ಮಾನ ಮಾಡಲಿಲ್ಲ. ಅಪ್ಪನದು ಸ್ವಿಟ್ಜರ್‌ಲ್ಯಾಂಡ್. "ಇಷ್ಟು ದೂರ ಬಂದು ಅದನ್ನ ನೋಡದೆ ಹೋಗೋದೇನಮ್ಮಾ?" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಯುಂಗ್‌ಫ್ರಾವ್ ಶಿಖರದ ರೈಲು. ಆ ಸ್ಟೇಷನ್ ಇರುವುದು 3,454 ಮೀಟರ್ ಎತ್ತರದಲ್ಲಿ, ಬಿ.ಪಿ. ಇರುವವರು ಡಾಕ್ಟರನ್ನು ಕೇಳದೆ ಹೋಗೋ ಜಾಗ ಅಲ್ಲ. ಅದೂ ಅಲ್ಲದೆ ಚಳಿಗಾಲದಲ್ಲಿ ಅಲ್ಲಿನ ಕೆರೆ ಪಕ್ಕದ ಊರುಗಳ ಮೇಲೆ ದಿನಗಟ್ಟಲೆ ಮಂಜು ಮುಸುಕಿರುತ್ತೆ. ತಣ್ಣನೆ ಗಾಳಿ ಕೆಳಗೇ ಸಿಕ್ಕಿಹಾಕಿಕೊಳ್ಳುವುದರಿಂದ ಮೇಲೆ ಶಿಖರದಲ್ಲಿ ಬಿಸಿಲು, ಕೆಳಗೆ ಊರಲ್ಲಿ ಬೂದುಬಣ್ಣ. ಮೇಲೆ ಹೋಗಲಾಗದವರು ಕೆಳಗೆ ಕೂತು ಏನು ನೋಡೋದು? ಮೇಲಾಗಿ ಹಿಮಗಡ್ಡೆ ಕಟ್ಟಿದ ರಸ್ತೆ ಅಂದರೆ ಅಮ್ಮನ ಮಂಡಿ ನೆನೆದು ನನಗೆ ಎದೆ ಡವಡವ ಅನ್ನುತ್ತೆ. ಮುಂದಿನ ಸಲ ಬೇಸಿಗೆಯಲ್ಲಿ ಬನ್ನಿ ಅಪ್ಪಾ, ಖಂಡಿತ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟೆ.

ನನ್ನ ಗಂಡನಿಗೆ ನಾರ್ದರ್ನ್ ಲೈಟ್ಸ್, ಅಂದರೆ ಉತ್ತರದ ದೇಶಗಳಲ್ಲಿ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು ನೋಡಬೇಕು ಅಂತ ಬಹಳ ದಿನದ ಆಸೆ. ನಾರ್ವೆಯ ಟ್ರೋಮ್ಸೋಗೆ ಹೋಗೋಣ ಅಂದರು. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮೇಲೇಳುವುದೇ ಇಲ್ಲ, ನಡುಮಧ್ಯಾಹ್ನ ಒಂದೆರಡು ಗಂಟೆ ನೀಲಿ ಬೆಳಕು ಇರುತ್ತೆ ಅಷ್ಟೇ. ಸಮುದ್ರದ ಬೆಚ್ಚನೆ ಪ್ರವಾಹ ಹತ್ತಿರ ಹಾದು ಹೋಗುವುದರಿಂದ ಅಷ್ಟು ಉತ್ತರದ ಊರಾದರೂ ಚಳಿ ವಿಪರೀತ ಇರಲ್ಲ ಅನ್ನೋದು ನಿಜ. ಆದರೆ ಮೋಡ ಇದ್ದರೆ ಏನೂ ಕಾಣಲ್ಲ, ನಾಲ್ಕು ರಾತ್ರಿಯಲ್ಲಿ ನಾಲ್ಕೂ ಮೋಡ ಆಗಬಹುದು. ಅಪ್ಪ ಅಮ್ಮನನ್ನು ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ ವ್ಯಾನಿನಲ್ಲಿ ಸುತ್ತಿಸುವುದು ಬೇಡ ಅನ್ನಿಸಿತು.

ನನಗೇ ಇಷ್ಟ ಇದ್ದದ್ದು ವಿಯೆನ್ನಾ. ಆದರೆ ಕ್ರಿಸ್‌ಮಸ್ ಮಾರುಕಟ್ಟೆಗಳ ಬಗ್ಗೆ ಒಂದು ಮಾತು, ಇದರಲ್ಲಿ ತುಂಬಾ ಜನ ಮೋಸಹೋಗುತ್ತಾರೆ. ಅವು ಕ್ರಿಸ್‌ಮಸ್‌ಗೆ ಮುಂಚಿನ ಮಾರುಕಟ್ಟೆಗಳು. ಜರ್ಮನಿಯಲ್ಲಿ ಹೆಚ್ಚಿನವು ಡಿಸೆಂಬರ್ 23 ಅಥವಾ 24ಕ್ಕೆ ಮುಗಿದುಹೋಗುತ್ತವೆ. ವಿಯೆನ್ನಾದ ಪುರಭವನದ ಮುಂದಿನದು 26ರವರೆಗೆ. ನಮ್ಮ ರಜೆ ಶುರುವಾಗುವುದೇ 27ಕ್ಕೆ. ಪ್ರಾಗ್‌ನಲ್ಲಿ ಜನವರಿ 6ರವರೆಗೂ ಇರುತ್ತೆ, ಆದರೆ ಅಲ್ಲೂ ನಾಲ್ಕು ಗಂಟೆಗೆ ಕತ್ತಲೇ. ಸ್ಪೇನಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮಕ್ಕಳಿಗೆ ಉಡುಗೊರೆ ಸಿಗುವುದು ಜನವರಿ 6ರ ಮೂರು ರಾಜರ ಹಬ್ಬಕ್ಕೆ. ಅದಕ್ಕೇ 25 ಮುಗಿದ ಮೇಲೂ ಬೀದಿ ದೀಪ, ಅಂಗಡಿ, ಜನ, ಗಲಾಟೆ ಎಲ್ಲಾ ಹಾಗೇ ಇರುತ್ತೆ.

ಕ್ಯಾನರಿ ದ್ವೀಪಗಳನ್ನೂ ನೋಡಿದೆ, ಟೆನೆರಿಫೆಯಲ್ಲಿ ಇಪ್ಪತ್ತು ಡಿಗ್ರಿ, ಹತ್ತು ಗಂಟೆ ಮೇಲೆ ಬೆಳಕು. ಆದರೆ ವಿಮಾನದಲ್ಲೇ ನಾಲ್ಕೂವರೆ ಗಂಟೆ, ಶಾಲೆ ರಜೆಯಲ್ಲಿ ಟಿಕೆಟ್ ಬೆಲೆ ಕೈಗೆಟುಕಲ್ಲ. ಐದು ದಿನದ ರಜೆಯಲ್ಲಿ ಎರಡು ದಿನ ಓಡಾಟಕ್ಕೇ ಹೋದರೆ ಉಳಿಯುವುದೇನು? ಗ್ರೀಸಿನ ಸ್ಯಾಂಟೊರಿನಿಯಲ್ಲಿ ಚಳಿಗಾಲದಲ್ಲಿ ಹೋಟೆಲುಗಳು ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಹೀಗೆ ಕೊನೆಗೆ ಸೆವಿಯಾ ಉಳಿಯಿತು. ವಿಮಾನ ಮೂರು ಗಂಟೆ, ಹಗಲಿಗೆ ಹದಿನೇಳು ಡಿಗ್ರಿ ಆಸುಪಾಸು, ಊರು ಸಮತಟ್ಟು. ಡಿಸೆಂಬರ್ 27ಕ್ಕೆ ಹೋಗಿ 31ಕ್ಕೆ ವಾಪಸ್. ಹೊಸ ವರ್ಷ ಮುಗಿಸಿಕೊಂಡು ಬರೋಣ ಅಂತ ನೋಡಿದರೆ ವಾಪಸ್ ಟಿಕೆಟ್ ಹೆಚ್ಚುಕಡಿಮೆ ದುಪ್ಪಟ್ಟು ಇತ್ತು.

ಸ್ಪೇನಿನದೇ ಇನ್ನೊಂದು ಊರು ಗ್ರನಾಡಾದ ಅಲ್‌ಹಂಬ್ರಾ ಕೋಟೆ-ಅರಮನೆ ಸೇರಿಸೋಣ ಅಂತ ಇತ್ತು, ಆಗಲಿಲ್ಲ. ಒಳಗಿನ ಅರಮನೆಗೆ ಇಷ್ಟೇ ಗಂಟೆಗೆ ಅಂತ ಹೆಸರು ಹಾಕಿ ಟಿಕೆಟ್ ಕೊಡುತ್ತಾರೆ. ನಾನು ನೋಡುವಷ್ಟರಲ್ಲಿ ನಮ್ಮ ದಿನಗಳು ಖಾಲಿ. ಹೋಗುವವರು ವಿಮಾನಕ್ಕಿಂತ ಮೊದಲೇ ಆ ಟಿಕೆಟ್ ನೋಡಿ. ಡಿಸೆಂಬರ್ 25 ಮತ್ತು ಜನವರಿ 1ಕ್ಕೆ ಅದು ಮುಚ್ಚಿರುತ್ತೆ. ಅಪ್ಪ ಅಮ್ಮನ ಷೆಂಗೆನ್ ವೀಸಾ (ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ವೀಸಾ) ಅವರು ಇಲ್ಲಿಗೆ ಬರಲು ಮಾಡಿಸಿದ್ದೇ, ಅದರಲ್ಲೇ ಸ್ಪೇನಿಗೂ ಹೋಗಬಹುದು, ಬೇರೆ ಬೇಡ. ಪಾಸ್‌ಪೋರ್ಟ್ ಮತ್ತು ಇನ್ಶೂರೆನ್ಸ್ ಕಾಗದ ಜೊತೆಗಿರಲಿ.

ಮನೆ ಹಿಡಿಯುವಾಗ ಒಂದು ವಿಷಯ ಗಟ್ಟಿಯಾಗಿ ಕೇಳಬೇಕು. ದಕ್ಷಿಣ ಸ್ಪೇನಿನ ಮನೆಗಳನ್ನು ಕಟ್ಟಿರುವುದು ಬೇಸಿಗೆ ಸೆಕೆಗೆ. ಕಲ್ಲಿನ ನೆಲ, ದಪ್ಪ ಗೋಡೆ, ಕತ್ತಲೆ ಕೋಣೆ. ಹೊರಗೆ ಹದಿನೇಳು ಡಿಗ್ರಿ ಇದ್ದಾಗ ಒಳಗೆ ಸ್ವೆಟರ್ ಬೇಕಾಗುತ್ತೆ. ಇಲ್ಲಿ ನಮ್ಮ ಮನೆಯ ಹಾಗೆ ಎಲ್ಲಾ ಕೋಣೆಗೂ ಹೀಟರ್ ಇರುತ್ತೆ ಅಂತ ತಿಳಿದುಕೊಳ್ಳಬೇಡಿ. ನಾನು ಬುಕ್ ಮಾಡುವ ಮೊದಲೇ, ಮಲಗುವ ಎರಡೂ ಕೋಣೆಯಲ್ಲಿ ಬಿಸಿಗಾಳಿ ಬರುವ ಎ.ಸಿ. ಇದೆಯಾ ಅಂತ ಬರೆದು ಕೇಳಿದೆ. ಇದೆ ಅಂದಿದ್ದಕ್ಕೇ ತಗೊಂಡೆ. ಆದರೂ ಬೆಳಗ್ಗೆ ಬರಿಗಾಲಿನಲ್ಲಿ ಅಡುಗೆಮನೆಗೆ ಹೋದ ಅಮ್ಮ ಹಾಗೇ ವಾಪಸ್ ಬಂದು ಮಂಚದ ಮೇಲೆ ಕಾಲು ಮಡಿಚಿ ಕೂತುಬಿಟ್ಟರು. ಎಲ್ಲರಿಗೂ ಮನೆಯೊಳಗೆ ಹಾಕುವ ಚಪ್ಪಲಿ ತಗೊಂಡು ಹೋಗಿ.

ಅಡುಗೆಮನೆ ಇರುವ ಮನೆಯೇ ಬೇಕು ಅಂದಿದ್ದಕ್ಕೆ ಕಾರಣ ಅಪ್ಪನ ಸಕ್ಕರೆ. ಅಲ್ಲಿನ ಹೆಚ್ಚಿನ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಶುರುವಾಗುವುದೇ ಒಂದೂವರೆ ಮೇಲೆ, ರಾತ್ರಿ ಎಂಟೂವರೆಗೆ ಮುಂಚೆ ಅಡುಗೆ ಒಲೆ ಹಚ್ಚಲ್ಲ. ಅಮ್ಮ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಂದಿದ್ದರು, ರಾತ್ರಿ ಊಟಕ್ಕೆ ಅದೇ. ಮಧ್ಯಾಹ್ನ ಹೊರಗೆ. ಸಸ್ಯಾಹಾರಿಗಳು ತರಕಾರಿ ಅಂತ ಬರೆದಿದ್ದರೂ ಹಂದಿಮಾಂಸದ ಚೂರು ಇದೆಯಾ ಅಂತ ಕೇಳಲೇಬೇಕು, ಸೊಪ್ಪು, ಬೀನ್ಸ್, ತಣ್ಣನೆ ಟೊಮೆಟೊ ಸೂಪು ಎಲ್ಲದರ ಮೇಲೂ ಹಾಕಿರುತ್ತಾರೆ. ನಮ್ಮನ್ನು ಕಾಪಾಡಿದ್ದು ಪಾಲಕ್ ಮತ್ತು ಕಾಬೂಲಿ ಕಡಲೆಯ ಒಂದು ಖಾದ್ಯ. ಜೀರಿಗೆ, ಬೆಳ್ಳುಳ್ಳಿ ಹಾಕಿ ಬೇಯಿಸಿರುತ್ತಾರೆ, ಆ ಊರಿನದೇ ವಿಶೇಷ. ಮಗಳೂ ತಟ್ಟೆ ಖಾಲಿ ಮಾಡಿದಳು.

ದೊಡ್ಡ ಚರ್ಚಿನ ಪಕ್ಕದ ಹಿರಾಲ್ದಾ ಗೋಪುರಕ್ಕೆ ಅಮ್ಮ ಬರಲ್ಲ, ಕೆಳಗೆ ಕೂತಿರ್ತೀನಿ ಅಂದಿದ್ದರು. ಅದು ಹನ್ನೆರಡನೇ ಶತಮಾನದಲ್ಲಿ ಮಸೀದಿಯ ಗೋಪುರವಾಗಿ ಕಟ್ಟಿದ್ದು. ಒಳಗೆ ಮೆಟ್ಟಿಲಿಲ್ಲ, ಇಳಿಜಾರು ದಾರಿ, ಸುತ್ತಿ ಸುತ್ತಿ 35 ಇವೆ. ಆಜಾನ್ ಕೂಗುವವರು ಕುದುರೆ ಮೇಲೆ ಹತ್ತಲಿ ಅಂತ ಹಾಗೆ ಮಾಡಿದ್ದಂತೆ. ಒಂದೊಂದು ತಿರುವಿಗೂ ಗೋಡೆಯಲ್ಲಿ ನಂಬರ್ ಇದೆ. ಮಗಳು ನಂಬರ್ ಓದುತ್ತಾ ಮುಂದೆ, ಅಮ್ಮ ಗೋಡೆ ಮೇಲೆ ಅಂಗೈ ಇಟ್ಟುಕೊಂಡು ಹಿಂದೆ. ಕಿಟಕಿ ಸಿಕ್ಕಲ್ಲಿ ನಿಂತು ಉಸಿರು ತಗೊಳ್ಳುವುದು, ಮತ್ತೆ ನಡೆಯುವುದು. ಹದಿನೆಂಟರಲ್ಲಿ "ಸಾಕು ಕಣೇ" ಅಂದರು. "ಅಜ್ಜಿ, ಇನ್ನೊಂದೇ ಒಂದು" ಅಂತ ಮಗಳು ಪ್ರತಿ ತಿರುವಿಗೂ ಹೇಳಿ ಹೇಳಿ ಕೊನೆಯವರೆಗೂ ಕರೆದುಕೊಂಡು ಹೋದಳು. ಕೊನೆಗೆ ಒಂದಷ್ಟು ಮೆಟ್ಟಿಲಿದೆ, ಅಲ್ಲಿ ನಾನು ಕೈ ಹಿಡಿದೆ. ಮೇಲೆ ನಿಂತು ಸೆರಗಿನಿಂದ ಬೆವರು ಒರೆಸಿಕೊಂಡು ಊರನ್ನೆಲ್ಲಾ ನೋಡಿದರು. ಆ ಮುಖ ನೋಡಿ ನನಗೆ ಮಾತೇ ಬರಲಿಲ್ಲ.

ಆ ಊರಿನ ಬೀದಿ ತುಂಬಾ ಕಿತ್ತಳೆ ಮರ. ಡಿಸೆಂಬರ್‌ನಲ್ಲಿ ಹಣ್ಣು ತುಂಬಿಕೊಂಡು ನಿಂತಿರುತ್ತವೆ. ಕಹಿ ಕಿತ್ತಳೆ, ಯಾರೂ ಕಿತ್ತು ತಿನ್ನಲ್ಲ. ಕೆಳಗೆ ಬಿದ್ದಿದ್ದ ಒಂದನ್ನು ಅಮ್ಮ ಎತ್ತಿಕೊಂಡು, ಸಿಪ್ಪೆಗೆ ಉಗುರು ಊರಿ ಮೂಸಿ ನೋಡಿ, "ಇದು ನಮ್ಮ ಹೆರಳೆಕಾಯಿ ಜಾತಿದೇ ಕಣೇ, ಗೊಜ್ಜು ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ" ಅಂದರು. ಬೀದಿ ಹೊಗೆ ಕುಡಿದ ಹಣ್ಣು, ಮಾಡಲಿಲ್ಲ. ಸಾಂತಾ ಪೌಲಾ ಅನ್ನುವ ಮಠದಲ್ಲಿ ಸನ್ಯಾಸಿನಿಯರು ಅದೇ ಹಣ್ಣಿನ ಮಾರ್ಮಲೇಡ್ ಮಾಡಿ ಮಾರುತ್ತಾರೆ, ಒಂದು ಬಾಟಲಿ ತಂದೆವು. ಕೈಚೀಲದಲ್ಲಿ ನೂರು ಎಂ.ಎಲ್. ಮೀರಿದ ದ್ರವವನ್ನು ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಬಿಡಲ್ಲ, ಮಾರ್ಮಲೇಡೂ ಅದೇ ಲೆಕ್ಕಕ್ಕೆ ಬರುತ್ತೆ. ನಾಲ್ಕು ದಿನ ಬೆಳಗ್ಗೆ ಬ್ರೆಡ್ಡಿಗೆ ಅದನ್ನೇ ಹಚ್ಚಿ ಮುಗಿಸಿದೆವು.

ಒಂದು ದಿನ ಪೂರ್ತಿ ಮಳೆ. ಆ ಕಡೆ ಮಳೆ ಬರುವುದೇ ಚಳಿಗಾಲದಲ್ಲಿ, ಅದಕ್ಕೆ ತಯಾರಿರಬೇಕು. ಆವತ್ತು ಕೊರ್ದೊಬಾಗೆ ರೈಲಿನಲ್ಲಿ ಹೋದೆವು, ವೇಗದ ರೈಲು, ಮುಕ್ಕಾಲು ಗಂಟೆ. ಅಲ್ಲಿ ಎಂಟನೇ ಶತಮಾನದ ಕೊನೆಗೆ ಶುರು ಮಾಡಿ ಕಟ್ಟಿದ ದೊಡ್ಡ ಮಸೀದಿ, ಈಗ ಚರ್ಚು. ಒಳಗೆ ಎಂಟುನೂರಕ್ಕಿಂತ ಜಾಸ್ತಿ ಕಂಬ. ಎಷ್ಟೋ ಕಂಬಗಳನ್ನು ಹಳೇ ರೋಮನ್ ಕಟ್ಟಡಗಳಿಂದ ತಂದು ನಿಲ್ಲಿಸಿದ್ದರಿಂದ ಕಲ್ಲಿನ ಬಣ್ಣ ಬೇರೆ, ತಲೆಯ ಕೆತ್ತನೆ ಬೇರೆ. ಅಪ್ಪ ಒಂದೊಂದನ್ನೇ ಮುಟ್ಟುತ್ತಾ ಹೋದರು. ಬೇಲೂರಿನ ನವರಂಗದ 48 ಕಂಬದ ಕತೆಯನ್ನು ನನ್ನ ಮಗಳಿಗೆ ಅಲ್ಲೇ ಹೇಳಿದರು, ನಡುವಿನ ನಾಲ್ಕು ಬಿಟ್ಟರೆ ಒಂದರ ಹಾಗೆ ಇನ್ನೊಂದಿಲ್ಲ ಅಂತ. ಸ್ವಿಟ್ಜರ್‌ಲ್ಯಾಂಡ್ ಮಾತು ಆಮೇಲೆ ಎತ್ತಲಿಲ್ಲ.

ಉಳಿದ ದಿನ ಸಂಜೆ ಐದರಿಂದ ಆರೂವರೆವರೆಗೆ ನದಿ ದಂಡೆ ಮೇಲೆ. ಅಪ್ಪ ಅಮ್ಮ ಕಲ್ಲಿನ ಕಟ್ಟೆ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರುತ್ತಿದ್ದರು, ಮಗಳು ಗೊತ್ತಿಲ್ಲದ ಮಕ್ಕಳ ಜೊತೆ ಓಡಾಡುತ್ತಿದ್ದಳು. ಅದೇ ಹೊತ್ತಿಗೆ ಐಂಡ್‌ಹೋವನ್‌ನಲ್ಲಿ ಕತ್ತಲಾಗಿ ಎಷ್ಟೋ ಹೊತ್ತಾಗಿರುತ್ತಿತ್ತು.

ಈ ಸಲ ಅಪ್ಪ ಅಮ್ಮ ಬರುತ್ತಿಲ್ಲ. ನನ್ನ ಗಂಡನ ಆಸೆಗೆ ಅದೇ ಹಾಳೆ ತೆಗೆದು ಮತ್ತೆ ಲೆಕ್ಕ ಹಾಕಿದೆ. ಫೆಬ್ರವರಿಯ ಕಾರ್ನಿವಲ್ ರಜೆ ಹೊತ್ತಿಗೆ ಟ್ರೋಮ್ಸೋದಲ್ಲೂ ಹಗಲು ಎಂಟು ಗಂಟೆಯ ಆಸುಪಾಸು ಬಂದಿರುತ್ತೆ, ಹಿಮ ಹಾಗೇ ಇರುತ್ತೆ, ರಾತ್ರಿ ಆಕಾಶ ನೋಡಲು ಬೇಕಾದ ಕತ್ತಲೂ ಇರುತ್ತೆ. ಡಿಸೆಂಬರ್‌ನಲ್ಲಿ ಮನೆಯಲ್ಲೇ ಇದ್ದು ಫೆಬ್ರವರಿಗೆ ಟಿಕೆಟ್ ಮಾಡಿದ್ದೇವೆ, ಐದು ರಾತ್ರಿಗೆ.