ಅಗ್ಗದ ಜಾಗ ನೋಡಲು ಬಾಲ್ದಿ ಹಿಡಿದು ಹೋಗಬೇಕು

ದನ, ಆಡು ಸಾಕಲು ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ಗುಡ್ಡೆ ಜಾಗ ಆರಿಸಿದಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಅಡಿಕೆಯಿಲ್ಲ, ಲಾರಿ ಹೋಗುವ ದಾರಿಯಿಲ್ಲ, ಕಾಗದವೆಲ್ಲ ಮಲಯಾಳ. ಎರಡು ವರ್ಷದಲ್ಲಿ ಮಾರಿ ವಾಪಸು ಬರ್ತೀರಿ ಮಾರಾಯ್ರೆ." ಈಗ ಐದನೇ ಬೇಸಿಗೆ ಕಳೆಯಿತು. ಹಟ್ಟಿಯಲ್ಲಿ 4 ಗಿಡ್ಡ (ಊರಿನ ಕುಳ್ಳ ತಳಿ) ದನ, ಅಟ್ಟದ ಗೂಡಿನಲ್ಲಿ 12 ಆಡು, ಮೂವತ್ತರ ಆಸುಪಾಸು ಊರುಕೋಳಿ, 2 ನಾಯಿ. ಟ್ಯಾಂಕರ್ ನೀರು ಒಂದು ದಿನವೂ ತರಿಸಿಲ್ಲ. ಎರಡು ವರ್ಷ ಅಂದವರಲ್ಲಿ ಇಬ್ಬರು ಈಗ ಫೋನು ಮಾಡಿ, ಆಚೀಚೆ ಬೇರೆ ಜಾಗ ಉಂಟಾ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಕ್ರಮ ಇಷ್ಟೆ: ಸೆಂಟಿನ (ಎಕರೆಯ ನೂರರಲ್ಲಿ ಒಂದು ಪಾಲು) ರೇಟು ಕೇಳುವ ಮೊದಲು, ಜಾಗ ಯಾಕೆ ಅಗ್ಗ ಅಂತ ಪತ್ತೆ ಮಾಡುವುದು. ಕಾಸರಗೋಡಿನ ಒಳಭಾಗದಲ್ಲಿ ಸುಮ್ಮಸುಮ್ಮನೆ ಅಗ್ಗಕ್ಕೆ ಸಿಗುವ ಜಾಗ ಇಲ್ಲ. ಆ ಕಾರಣದಿಂದ ಮನುಷ್ಯನಿಗಷ್ಟೇ ಕಷ್ಟವಾದರೆ ಒಪ್ಪಬಹುದು. ದನಕ್ಕೆ ಕಷ್ಟವಾದರೆ ಬಿಟ್ಟುಬಿಡಬೇಕು. ಇದು ತಲೆಗೆ ಹೋಗುವ ಮೊದಲು ಮೂರು ಜಾಗದಲ್ಲಿ ಕೈ ಸುಟ್ಟುಕೊಂಡದ್ದಾಯಿತು.

ಮೊದಲನೆಯದು ಕುಂಬಳೆ ಹೊಳೆಯ ಕೆಳಭಾಗದ ಬೈಲು. ಫೆಬ್ರವರಿಯಲ್ಲಿ ನೋಡಿದಾಗ ಬಾವಿಯಲ್ಲಿ ಮೂರು ಕೋಲು ನೀರು, ಕುಡಿದರೆ ಸಿಹಿ. ಏಪ್ರಿಲ್ ಕೊನೆಗೆ ಅದೇ ಬಾವಿಯ ನೀರು ಉಪ್ಪು. ಹೊಳೆಯಲ್ಲಿ ಹರಿವು ನಿಂತ ಮೇಲೆ ಉಬ್ಬರದ ನೀರು ಒಳಗೆ ಬರುತ್ತದೆ, ಬಾವಿಯಲ್ಲಿ ಮೋಟಾರು ಓಡಿಸಿದಷ್ಟೂ ಉಪ್ಪು ಎಳೆಯುತ್ತದೆ. ಆಡು ಮೂತಿ ಹಾಕಿ ಹಿಂದೆ ಸರಿದರೆ ಲ್ಯಾಬು ಬೇಕಿಲ್ಲ. ಅದಲ್ಲದೆ ಆ ಜಾಗ ಭೂತೆರಿಗೆ ದಾಖಲೆಯಾದ ಬಿಟಿಆರ್‌ನಲ್ಲಿ 'ನಿಲಂ' (ಗದ್ದೆ) ಅಂತ ಇತ್ತು. 2008ರ ಗದ್ದೆ ಸಂರಕ್ಷಣಾ ಕಾಯ್ದೆಯ ನಂತರ ನಿಲಂ ಅಂತ ಬರೆದ ಜಾಗದಲ್ಲಿ ಮನೆಯಾಗಲಿ ಹಟ್ಟಿಯಾಗಲಿ ಕಟ್ಟುವುದು ದೊಡ್ಡ ಅಲೆದಾಟ. ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರ್ಕಾರಿ ಪಟ್ಟಿ) ಸೇರಿದ್ದರೆ ಅದರಿಂದ ತೆಗೆಸಲು ಫಾರಂ 5, ಆಮೇಲೆ ಪರಿವರ್ತನೆಗೆ ಫಾರಂ 6. ದಲ್ಲಾಳಿ "ಅದೆಲ್ಲ ಆಗ್ತದೆ" ಅಂದರೆ, ಆಗಿಸಿಕೊಂಡು ಬಾ, ಆಮೇಲೆ ಅಡ್ವಾನ್ಸು ಅನ್ನಿ. ನಾನು ಅನ್ನಲಿಲ್ಲ, 50 ಸಾವಿರ ಹೋಯಿತು.

ಎರಡನೆಯದು ಪದವು, ಅಂದರೆ ಗುಡ್ಡೆಯ ಮೇಲಿನ ಸಮತಟ್ಟು ಬಯಲು. ಆಗಸ್ಟಿನಲ್ಲಿ ನೋಡಿದರೆ ಮೊಣಕಾಲೆತ್ತರ ಹುಲ್ಲು, ಐವತ್ತು ದನ ಮೇಯಬಹುದು ಅನಿಸುತ್ತದೆ. ಮುರಕಲ್ಲಿನ (ಕೆಂಪುಕಲ್ಲು) ಮೇಲೆ ಮಣ್ಣು ಇರುವುದೇ ನಾಲ್ಕು ಬೆರಳು. ನವೆಂಬರಿಗೆ ಹಳದಿ, ಜನವರಿಗೆ ಬರೀ ಕಲ್ಲು. ಅಲ್ಲಿನವರು 400 ಅಡಿ ದಾಟಿ ಬೋರು ಹೊಡೆಸಿದ್ದರು, ಬಂದದ್ದು ಧೂಳು. ಕಾಸರಗೋಡು ಬ್ಲಾಕಿನಲ್ಲಾದರೆ ಬೋರಿಗೆ ಭೂಜಲ ಇಲಾಖೆಯ ಅನುಮತಿಯೂ ಬೇಕು. ಬೋರು ನಂಬಿ ಜಾಗ ಕೊಳ್ಳುವ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಮೂರನೆಯದು ಎಲ್ಲ ಸರಿಯಿತ್ತು, ಕಲ್ಲುಕೋರೆ ಒಂದು ಬಿಟ್ಟು. ನಾನು ನೋಡಲು ಹೋದದ್ದು ಭಾನುವಾರ. ಸೋಮವಾರ ಬೆಳಕು ಹರಿಯುವ ಮೊದಲೇ ಟಿಪ್ಪರು ಶುರು, ಆಮೇಲೆ ಸಂಜೆವರೆಗೆ ಕಲ್ಲು ಕೊಯ್ಯುವ ಮಿಷನು. ಕೆಂಪು ಧೂಳು ನೇಪಿಯರ್ ಮೇವಿನ ಹುಲ್ಲಿನ ಎಲೆಯ ಮೇಲೆ ಕೂತರೆ ದನ ತಿನ್ನುವುದಿಲ್ಲ.

ಸದ್ದಿನ ವಿಷಯ ಇಲ್ಲಿಗೇ ಮುಗಿಸುತ್ತೇನೆ. ಜಾಗವನ್ನು ಕಡಿಮೆಯೆಂದರೆ ನಾಲ್ಕು ಹೊತ್ತಿನಲ್ಲಿ ನೋಡಿ: ಕೆಲಸದ ದಿನ ಬೆಳಗ್ಗೆ 5, ಮಧ್ಯಾಹ್ನ 2, ರಾತ್ರಿ 8, ಜಾತ್ರೆ ಕಾಲದ ಒಂದು ರಾತ್ರಿ. ಪತ್ತನಾಜೆ (ಮೇ ಕೊನೆಗೆ ಬರುವ, ಜಾತ್ರೆ ಕಾಲ ಮುಗಿಯುವ ದಿನ) ಕಳೆದ ಮೇಲೆ ಹೋಗಿ "ಎಂಥ ಮೌನ!" ಅಂದವರು ಮೋಸ ಹೋದರು ಅಂತಲೇ ಲೆಕ್ಕ. ಭೂತಕೋಲ, ಆಯನ (ಜಾತ್ರೆ), ಯಕ್ಷಗಾನ ಆಟ ಎಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ. ಮೈಕಿಗೆ ದನ ಒಂದು ವರ್ಷದಲ್ಲಿ ಒಗ್ಗುತ್ತದೆ, ಗರ್ನಾಲಿಗೆ (ದೊಡ್ಡ ಸದ್ದಿನ ಸಿಡಿಮದ್ದು) ಒಗ್ಗುವುದಿಲ್ಲ. ಗಬ್ಬದ ಆಡು ಬೆದರಿ ಗೂಡಿನ ಸಲಾಕೆಗೆ ಕಾಲು ಸಿಕ್ಕಿಸಿಕೊಳ್ಳುತ್ತದೆ. ಆರು ಪಥದ ಹೈವೇ ಆಗುತ್ತದೆ ಅಂತ ತಲಪಾಡಿಯಿಂದ ಚೆರ್ಕಳದವರೆಗೆ ರಸ್ತೆ ಬದಿಯ ಜಾಗ ನಾನು ನೋಡಲೂ ಹೋಗಲಿಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಿಂದಲೂ ಒಂದು ಗುಡ್ಡೆ ಮರೆಯಾಗುವಷ್ಟು ಒಳಗೆ ಇರಬೇಕು. ದೂರಕ್ಕಿಂತ ನಡುವೆ ಗುಡ್ಡೆ ಇದೆಯೇ ಅನ್ನುವುದು ಮುಖ್ಯ.

ಈಗ ನೀರು. ಜಾಗ ನೋಡಲು ಮೇ 10ರಿಂದ 25ರ ಒಳಗೆ ಹೋಗಬೇಕು, ನಡುವೆ ಬೇಸಿಗೆ ಮಳೆ ಬಂದಿದ್ದರೆ ಒಂದು ವಾರ ಬಿಟ್ಟು. 15 ಲೀಟರ್ ಬಾಲ್ದಿ, ಕೈಗಡಿಯಾರ, ಹಗ್ಗ, ಟೇಪು. ಸುರಂಗ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ದಾರಿ) ಇದ್ದರೆ ಬಾಯಿಯಲ್ಲಿ ಮಣ್ಣಿನ ಸಣ್ಣ ಕಟ್ಟ ಹಾಕಿ, ಅಡಿಕೆ ಮರ ಸೀಳಿ ಮಾಡಿದ ದಂಬೆಯನ್ನೋ ಒಂದು ತುಂಡು ಪೈಪನ್ನೋ ಇಟ್ಟು, ನೀರೆಲ್ಲ ಅದರಲ್ಲೇ ಬರುವ ಹಾಗೆ ಮಾಡಿ. ಹತ್ತು ನಿಮಿಷ ಸುಮ್ಮನೆ ಬಿಡಿ. ಕಟ್ಟದ ಹಿಂದೆ ನಿಂತ ನೀರು ಮೊದಲು ಜೋರಾಗಿ ಬಂದು ಲೆಕ್ಕ ತಪ್ಪಿಸುತ್ತದೆ. ಆಮೇಲೆ ಮೂರು ಸಲ ತುಂಬಿಸಿ ಸರಾಸರಿ ತೆಗೆಯಿರಿ. ಈ ಜಾಗದಲ್ಲಿ ಮೊದಲ ಸಲ ಸಿಕ್ಕಿದ್ದು 4 ನಿಮಿಷ 10 ಸೆಕೆಂಡು. ಗಂಟೆಗೆ 216 ಲೀಟರ್, ದಿನಕ್ಕೆ ಐದು ಸಾವಿರ ಚಿಲ್ಲರೆ. ನೂಲಿನಷ್ಟು ದಪ್ಪದ ಹರಿವು, ನೋಡಿದವರಿಗೆ ನಗು ಬರುತ್ತದೆ.

ಬಾವಿಯಾದರೆ ವ್ಯಾಸ ಅಳೆಯಿರಿ. 10 ಅಡಿ ವ್ಯಾಸದ ಬಾವಿಯಲ್ಲಿ 1 ಅಡಿ ನೀರು ಅಂದರೆ ಸುಮಾರು 2,200 ಲೀಟರ್. ಸಂಜೆ ಎರಡು ಅಡಿ ಇಳಿಯುವಷ್ಟು ಮೋಟಾರು ಓಡಿಸಿ, ಹಗ್ಗಕ್ಕೆ ಗಂಟು ಹಾಕಿ, ಬೆಳಗ್ಗೆ ಎಷ್ಟು ಏರಿದೆ ನೋಡಿ. ಮಾರುವವರು ಮೋಟಾರು ಓಡಿಸಲು ಬಿಡದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಖರ್ಚಿನ ಲೆಕ್ಕ ಹೀಗೆ: ಗಿಡ್ಡ ದನ ಬೇಸಿಗೆಯಲ್ಲಿ ದಿನಕ್ಕೆ 25–30 ಲೀಟರ್ ಕುಡಿಯುತ್ತದೆ, ಜೆರ್ಸಿ–ಎಚ್‌ಎಫ್ ತಳಿಯಾದರೆ ಅದರ ಎರಡು ಪಾಲಿಗಿಂತ ಹೆಚ್ಚು. ಆಡಿಗೆ 5–6. ಹಟ್ಟಿ ತೊಳೆಯಲು ನೂರೈವತ್ತು, ಮನೆಗೆ ಆರುನೂರು. ಕೋಳಿ ನಾಯಿ ಎಲ್ಲ ಸೇರಿ ಸಾವಿರದ ಒಳಗೇ ನಿಲ್ಲುತ್ತದೆ. ಒಂದು ಎಕರೆ ಅಡಿಕೆಗೆ 540 ಮರ, ಮರಕ್ಕೆ ದಿನಕ್ಕೆ 15–20 ಲೀಟರ್ ಹಾಕಿದರೆ ಹತ್ತು ಸಾವಿರ ಲೀಟರ್! ನೀರು ಕುಡಿಯುವುದು ದನವಲ್ಲ, ಅಡಿಕೆ. ಅಡಿಕೆಗೆ ಸಾಲದು ಅಂತ ಬಿಟ್ಟ ನೀರು ಪ್ರಾಣಿಗಳಿಗೆ ಐದು ಪಾಲು ಹೆಚ್ಚು. ಆಗ ಆ ಕಡೆ ನೀರಿರುವ ಅಡಿಕೆ ತೋಟ ಸೆಂಟಿಗೆ ಐವತ್ತು ಸಾವಿರದ ಮೇಲೆ ಹೇಳುತ್ತಿದ್ದರು. ಗೇರುಮರದ ಇಳಿಜಾರು, ಮೂಲೆಯಲ್ಲಿ ಹೂಳು ತುಂಬಿದ ಹಳೆ ಸುರಂಗ, ಇದು 16 ಸಾವಿರಕ್ಕೆ ಕುದುರಿತು. 120 ಸೆಂಟಿಗೆ 19 ಲಕ್ಷದ ಆಸುಪಾಸು. 22ರಿಂದ 16ಕ್ಕೆ ಇಳಿಸಿದ್ದು ಹೇಗೆ ಅಂತ ಬರೆಯುವುದಿಲ್ಲ, ಇದೇ ಕಡೆ ಇನ್ನೊಂದು ತುಂಡಿನ ಮಾತು ನಡೆಯುತ್ತಿದೆ. ಒಣಗಿದ ಸುರಂಗಕ್ಕೂ ಹೂಳು ತುಂಬಿದ ಸುರಂಗಕ್ಕೂ ಇರುವ ವ್ಯತ್ಯಾಸವನ್ನು ಬಾಯಿಯ ಹತ್ತಿರದ ಗಿಡ ನೋಡಿಯೇ ಹೇಳಬಹುದು. ಯಾವ ಗಿಡ ಅನ್ನುವುದೂ ನನ್ನಲ್ಲೇ ಇರಲಿ.

ಹೂಳು ತೆಗೆಸಲು ಎರಡು ಆಳು, ಆರು ದಿನ. ಒಳಗೆ ಹೋಗುವ ಮೊದಲು ಮೇಣದಬತ್ತಿ ಹಚ್ಚಿ ಮುಂದೆ ಹಿಡಿಯಬೇಕು, ಆರಿದರೆ ಹಿಂದೆ ಬರಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ, ಮೇಲಿನ ಮಣ್ಣು ಕುಸಿಯುತ್ತದೆ. ನೀರು ಮೇಲಿನಿಂದಲೇ ಇಳಿದು ಹಟ್ಟಿಯ ಟಾಂಕಿಗೆ ಬೀಳುತ್ತದೆ, ಕರೆಂಟು ಬಿಲ್ಲಿಲ್ಲ. ಒಂದೇ ತೊಂದರೆ, ಮುರಕಲ್ಲಿನ ನೀರು ಸ್ವಲ್ಪ ಹುಳಿ. ನಮ್ಮದರ ಪಿಎಚ್ 5.8 ಬಂತು. ಜಿಐ (ಸತು ಲೇಪದ ಕಬ್ಬಿಣ) ಪೈಪು ಹಾಕಿ ಎರಡನೇ ವರ್ಷಕ್ಕೇ ತೂತು ಬಿತ್ತು, ಏಳೆಂಟು ಸಾವಿರ ದಂಡ. ಈಗ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ಟಾಂಕಿಯಲ್ಲಿ ಹುಳಿ ತಗ್ಗಲು ಒಂದು ಗೋಣಿ ಮರುವಾಯಿ (ಕಪ್ಪೆಚಿಪ್ಪಿನಂಥದ್ದು) ಚಿಪ್ಪು.

ಗೇರುತೋಟದ ಬದಿಯ ಜಾಗ ಅಂದರೆ ಎಂಡೋಸಲ್ಫಾನ್ ಕೀಟನಾಶಕದ ಪ್ರಶ್ನೆ ಬಂದೇ ಬರುತ್ತದೆ, ಬರಲೂ ಬೇಕು. ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ದೊಡ್ಡ ಎಸ್ಟೇಟುಗಳಿಗೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯವರಿಗೆ ಯಾವ ಗುಡ್ಡೆ ಅಂತ ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ದೇಶಕ್ಕೆಲ್ಲ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಜಾಗದ ನೀರು ಎಸ್ಟೇಟಿನ ಕೆಳಗಿನಿಂದ ಬರುತ್ತದೆಯೋ ಬೇರೆ ಗುಡ್ಡೆಯಿಂದಲೋ ನೋಡಿ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಕೀಟನಾಶಕ ಬರುವುದಿಲ್ಲ, ಅದನ್ನು ಬೇರೆಯೇ ಹೇಳಿ ಮಾಡಿಸಬೇಕು. ನಾನು ಕೊಟ್ಟದ್ದು ನಾಲ್ಕೈದು ಸಾವಿರ, ಏನೂ ಸಿಗಲಿಲ್ಲ. 19 ಲಕ್ಷದ ಮುಂದೆ ಅದೊಂದು ಲೆಕ್ಕವಲ್ಲ.

ಕಾಗದದ್ದು ಚುಟುಕಾಗಿ. ಆಧಾರ (ಕ್ರಯಪತ್ರ), ಮುನ್ನಾಧಾರ (ಅದಕ್ಕೆ ಹಿಂದಿನ ಕ್ರಯಪತ್ರ), 30 ವರ್ಷದ ಕುಡಿಕಡ (ಋಣಭಾರ) ಸರ್ಟಿಫಿಕೇಟು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಬಿಟಿಆರ್ ಪ್ರತಿ. ಹಳೇ ಮುನ್ನಾಧಾರ ಕನ್ನಡದಲ್ಲೇ ಇರುತ್ತದೆ. ಮಲಯಾಳದ ಆಧಾರದಲ್ಲಿ ನಾಲ್ಕು ಮೇರೆ ಬೇರೆ ಥರ ಇದ್ದರೆ ಅಲ್ಲೇ ಹಿಡಿಯಬಹುದು, ಇದು ಕನ್ನಡದವರಿಗೆ ಸಿಕ್ಕ ಲಾಭ. "ಜೊತೆಗೆ ಅರ್ಧ ಎಕರೆ ಕುಮ್ಕಿ ಉಂಟು" ಅಂದರೆ ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕುಮ್ಕಿ ಸರ್ಕಾರದ್ದು, ಸೊಪ್ಪು ತರಬಹುದು, ದನ ಮೇಯಿಸಬಹುದು, ಹಟ್ಟಿ ಕಟ್ಟಬಾರದು. ಸ್ಟ್ಯಾಂಪಿಗೆ ಶೇ. 8, ರಿಜಿಸ್ಟ್ರೇಶನ್ನಿಗೆ ಶೇ. 2, 19 ಲಕ್ಷಕ್ಕೆ 1.9 ಲಕ್ಷ ಬೇರೆಯೇ ತೆಗೆದಿಡಿ. ದಾರಿ ಹಕ್ಕನ್ನು ಅಡಿ ಲೆಕ್ಕದಲ್ಲಿ ಆಧಾರದಲ್ಲಿ ಬರೆಸಿ. "ಎಲ್ಲರೂ ನಡೆಯುವ ದಾರಿ" ಅನ್ನುವ ಬಾಯಿಮಾತು ನೆರೆಯವರ ಮಗ ಗಲ್ಫಿನಿಂದ ಬಂದು ಕಂಪೌಂಡು ಕಟ್ಟುವವರೆಗೆ ಮಾತ್ರ.

ನನ್ನದು ಜೀಪು ಮಾತ್ರ ಹೋಗುವ 300 ಮೀಟರ್. ಇದು ಮನುಷ್ಯನ ಕಷ್ಟ, ಒಪ್ಪಿಕೊಂಡೆ. ಹಟ್ಟಿ ಕಟ್ಟುವಾಗ ಕಲ್ಲು, ಸಿಮೆಂಟು, ಮರಳು ಎಲ್ಲ ಎರಡು ಸಲ ಇಳಿಸಬೇಕು. ಒಟ್ಟು ಮೂವತ್ತು ಸಾವಿರ ಹೆಚ್ಚಾಯಿತು. ಬೈಹುಲ್ಲು ವರ್ಷಕ್ಕೆ ಒಂದೇ ಸಲ, ಜನವರಿಯಲ್ಲಿ, ಲಾರಿಯಿಂದ ಜೀಪಿಗೆ.

ಮುಳ್ಳೇರಿಯದಿಂದ ಆಚೆ ಆದೂರು, ದೇಲಂಪಾಡಿ ಕಡೆ ಇನ್ನೂ ಅಗ್ಗ, ಇನ್ನೂ ಮೌನ, ನೀರೂ ಚೆನ್ನಾಗಿದೆ. ಕಾರಣ ಕೇಳಿದರೆ ಆನೆ, ಚಿರತೆ. ಆಡು, ನಾಯಿ ಸಾಕುವವನಿಗೆ ಅದು ಒಪ್ಪುವ ಕಾರಣವಲ್ಲ. ಇಲ್ಲಿ ಹಂದಿ ಇದೆ, ಹೆಬ್ಬಾವು ಇದೆ. ಹಂದಿಗೆ ನೇಪಿಯರ್ ಸುತ್ತ ಸೋಲಾರ್ ಬೇಲಿ. ಹೆಬ್ಬಾವಿಗೆ ಕೋಳಿಗೂಡಿನ ಬಲೆಯ ಕಣ್ಣು ಅರ್ಧ ಇಂಚು. ಒಂದು ಇಂಚಿನ ಬಲೆಯಲ್ಲಿ ಮರಿ ಹೆಬ್ಬಾವು ಒಳಗೆ ಬಂತು, ಕೋಳಿಮರಿ ನುಂಗಿದ ಮೇಲೆ ಹೊರಗೆ ಹೋಗಲಾಗದೆ ಬೆಳಗ್ಗೆವರೆಗೆ ಅಲ್ಲೇ ಮಲಗಿತ್ತು.

ಹಟ್ಟಿಯಲ್ಲಿ ಮೊದಲ ಮಳೆಗಾಲಕ್ಕೇ ತಪ್ಪು ಗೊತ್ತಾಯಿತು. ಬಾಗಿಲು ಪಡುವಣಕ್ಕೆ ಇಟ್ಟಿದ್ದೆ, ಜುಲೈ ಗಾಳಿಗೆ ಮಳೆಯೆಲ್ಲ ಒಳಗೆ. ನೆಲ ಆರದೆ ಎರಡು ದನದ ಗೊರಸಿನ ಸಂದು ಕೊಳೆಯಿತು. ಈಗ ಪಡು ಬದಿಗೆ ಪೂರ್ತಿ ಗೋಡೆ, ಮಾಡಿನ ಇಳಿ ನಾಲ್ಕು ಅಡಿ. ಗಿಡ್ಡ ದನಕ್ಕೆ ಐದಡಿ ಉದ್ದ, ಮೂರಡಿ ಅಗಲ ಸಾಕು. ನೆಲಕ್ಕೆ 40 ಅಡಿಗೆ 1 ಅಡಿ ಲೆಕ್ಕದ ಇಳಿಜಾರು, ಹಿಂದೆ ಒಂದಡಿ ಚರಂಡಿ. ಗೊಬ್ಬರದ ಗುಂಡಿ ನೀರಿನ ಮೂಲಕ್ಕಿಂತ ಕೆಳಗೆ, ಕನಿಷ್ಠ 15 ಮೀಟರ್ ದೂರ. ಮುರಕಲ್ಲಿನಲ್ಲಿ ತೂತುಗಳಿರುವುದರಿಂದ ಗುಂಡಿಯ ನೀರು ಎಲ್ಲಿಗೆ ಹೋಗಿ ಸೇರುತ್ತದೆ ಹೇಳಲಾಗದು.

ಮಂಗಳೂರಿನ ಕಡೆಯಿಂದ ದನ ತರುವ ಯೋಚನೆ ಬೇಡ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಸಾಕುವುದಕ್ಕೇ ಆದರೂ ಗಡಿ ದಾಟಿಸಲು ಕಾಗದ ಬೇಕು, ಅದಿಲ್ಲದೆ ಹೊರಟರೆ ದಾರಿಯಲ್ಲೇ ನಿಲ್ಲುತ್ತೀರಿ. ಇಲ್ಲಿನ ಗಿಡ್ಡವನ್ನೇ ಕೊಳ್ಳಿ. ಒಂದೆರಡು ಲೀಟರ್ ಹಾಲು, ಸೊಸೈಟಿಗೆ ಹಾಕಿದರೆ ಗಿಟ್ಟುವುದಿಲ್ಲ, ತುಪ್ಪ ಮಾಡಿದರೆ ಗಿಟ್ಟುತ್ತದೆ.

ನಡುವೆ ಒಂದು ಪ್ರಯೋಗ. ಬೇಸಿಗೆಯಲ್ಲಿ ಅಡಿಕೆ ಹಾಳೆ ಕತ್ತರಿಸಿ ಹಾಕಿ ಬೈಹುಲ್ಲು ಉಳಿಸಲು ನೋಡಿದೆ. ಒಂದು ಅಂಗುಲದ ತುಂಡಾದರೆ ದನ ಆರಿಸಿ ಬಿಡುತ್ತದೆ. ಮಿಷನಿನಲ್ಲಿ ಬೆರಳಗಲಕ್ಕಿಂತ ಸಣ್ಣ ಮಾಡಿ, ರಾತ್ರಿ ನೆನೆಸಿ, ಎಣ್ಣೆಹಿಂಡಿ ಕಲಸಿದ ನೀರು ಚಿಮುಕಿಸಿದರೆ ತಿನ್ನುತ್ತದೆ. ಮೂರರಲ್ಲಿ ಒಂದು ಪಾಲು ಬೈಹುಲ್ಲು ಉಳಿಯಿತು. ಹಾಳೆ ನೆರೆಯ ತೋಟದ್ದು, ಬದಲಿಗೆ ಸಗಣಿ ಸ್ಲರಿ ಕೊಡುತ್ತೇನೆ. ಆಡು ಮಾತ್ರ ಮೂಸಲೂ ಇಲ್ಲ. ಅಜೋಲಾ (ನೀರಲ್ಲಿ ಬೆಳೆಯುವ ಮೇವು) ಮಾಡಿ ಎರಡು ಸಲ ಸೋತೆ, ಮಳೆಗೆ ಕೊಚ್ಚಿ ಹೋಗುತ್ತದೆ.

ಈ ಮೇ 20ಕ್ಕೆ ಬಾಲ್ದಿ ತುಂಬಲು 4 ನಿಮಿಷ 50 ಸೆಕೆಂಡು ಹಿಡಿಯಿತು. ಮೊದಲ ಸಲಕ್ಕಿಂತ 40 ಸೆಕೆಂಡು ಜಾಸ್ತಿ. ಮೇಲಿನ ಗುಡ್ಡೆಯಲ್ಲಿ ಎರಡು ವರ್ಷದ ಹಿಂದೆ ಗೇರು ಕಡಿದು ರಬ್ಬರ್ ಹಾಕಿದ್ದಾರೆ. ಅದಕ್ಕೋ, ಸುರಂಗದಲ್ಲಿ ಮತ್ತೆ ಹೂಳೋ ನೋಡಬೇಕು. ಮಳೆ ಹಿಡಿಯುವ ಮೊದಲು ಸುರಂಗದ ನೆತ್ತಿಯ ಮೇಲೆ ಹತ್ತು ಇಂಗುಗುಂಡಿ ತೋಡಿಸಿದ್ದಾಯಿತು, ಒಂದಕ್ಕೆ 400 ರೂಪಾಯಿ ಕೂಲಿ. ಹೂಳು ತೆಗೆಸುವುದು ಬರುವ ಮಾರ್ಚಿಗೆ.